ಉಡುಪಿಗೆ ಅಂಕ ಕೊಡಿ, ಉಡುಪಿಲ್ಲದವನಿಗೆ ಬೇಡ



ನಮ್ಮ ಯುವ ಸಂಚಲನದ ವಾಟ್ಸಾಪ್ ಗುಂಪಿನಲ್ಲಿ ಎರಡು ವಾರದಿಂದ ಒಂದೇ ಚರ್ಚೆ. ಅದು ಹಬ್ಬದ ತಯಾರಿಯದ್ದಲ್ಲ, ಗಾಯನ ಮಂಡಳಿಯದ್ದೂ ಅಲ್ಲ. ‘ಎಂಪೈರ್ಸ್ ಅಂಡ್ ಪಜಲ್ಸ್’ ಎಂಬ ಮೊಬೈಲ್ ಗೇಮಿನಲ್ಲಿ ನಮ್ಮವರೇ ಸೇರಿ ಕಟ್ಟಿಕೊಂಡ ಅಲಯನ್ಸ್‌ನ ಚರ್ಚೆ. ಮುಖ್ಯ ಹೀರೋಗಳಿಗೆ ಕಾಸ್ಟ್ಯೂಮ್ ಇಲ್ಲದವರನ್ನು ಈ ಅಲಯನ್ಸ್‌ನಿಂದ ತೆಗೆದು ಬೇರೆ ‘ಬಿ ಟೀಮ್’ ಮಾಡಿ ಕೂರಿಸಬೇಕು, ಆಗ ಮಾತ್ರ ಯುದ್ಧ ಗೆಲ್ಲಬಹುದು ಎಂದು ಕೆಲವರ ಪ್ರಸ್ತಾಪ. ಅದಕ್ಕೆ ಬೆಂಬಲವಾಗಿ ಯೂಟ್ಯೂಬಿನ ವಿಡಿಯೊಗಳನ್ನು ಸಾಲಾಗಿ ಕಳಿಸುತ್ತಿದ್ದಾರೆ. ಈ ಉಡುಪಿಗೆ ‘ಎ ಪ್ಲಸ್’, ಆ ಉಡುಪಿಗೆ ‘ಬಿ’, ಇದಿಲ್ಲದಿದ್ದರೆ ಆಡುವುದೇ ದಂಡ, ಹೀಗೆ.

ಈ ಪ್ರಸ್ತಾಪವನ್ನು ನಾವು ವಿರೋಧಿಸುತ್ತೇವೆ. ‘ಚಿಕ್ಕವರಿಗೆ ಪಾಪ ಅನ್ನಿಸುತ್ತದೆ’ ಎಂಬ ಕನಿಕರದ ಮಾತು ಮಾತ್ರ ನಮ್ಮದಲ್ಲ. ಲೆಕ್ಕ ಹಾಕಿದರೂ ಇದು ತಪ್ಪು, ವಿಶ್ವಾಸದ ಕಣ್ಣಿನಿಂದ ನೋಡಿದರೂ ತಪ್ಪು. ಎರಡನ್ನೂ ಇಲ್ಲಿ ಬರೆಯುತ್ತೇವೆ.

ಗೇಮ್ ಗೊತ್ತಿಲ್ಲದ ಹಿರಿಯರಿಗಾಗಿ ಮೊದಲು ನಾಲ್ಕು ಮಾತು. 2017ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ಸ್ಮಾಲ್ ಜಯಂಟ್ ಗೇಮ್ಸ್ ಎಂಬ ಸಂಸ್ಥೆ ಇದನ್ನು ಹೊರತಂದಿತು. ಮಕ್ಕಳು ಮೂರು ಬಣ್ಣದ ಚೌಕ ಜೋಡಿಸಿ ಸಿಡಿಸುತ್ತಾರಲ್ಲ, ಅದೇ ಆಟ. ಅದರ ಮೇಲೆ ಐದು ಹೀರೋಗಳ ತಂಡವನ್ನು ನಿಲ್ಲಿಸಿದ್ದಾರೆ. ಕೆಂಪು, ನೀಲಿ, ಹಸಿರು, ಹಳದಿ, ನೇರಳೆ ಎಂದು ಹೀರೋಗಳಿಗೂ ಬಣ್ಣ ಉಂಟು. ತನ್ನ ಬಣ್ಣದ ಚೌಕಗಳು ಸಿಡಿದಂತೆ ಹೀರೋಗೆ ‘ಮನಾ’ ಎಂಬ ಶಕ್ತಿ ತುಂಬುತ್ತದೆ. ತುಂಬಿದ ಮೇಲೆ ಅವನ ವಿಶೇಷ ವಿದ್ಯೆಯನ್ನು ಬಳಸಬಹುದು. ಮೂವತ್ತು ಜನರ ತನಕ ಸೇರಿ ಒಂದು ಅಲಯನ್ಸ್ ಮಾಡಿಕೊಳ್ಳಬಹುದು.

ಕಾಸ್ಟ್ಯೂಮ್ ಎಂದರೆ ಅದೇ ಹೀರೋನ ಇನ್ನೊಂದು ವೇಷ. ಬಣ್ಣ ಅದೇ, ವಿದ್ಯೆ ಸ್ವಲ್ಪ ಬೇರೆ. ಎಷ್ಟೋ ಸಲ ಅವನ ವರ್ಗವೂ ಬದಲಾಗುತ್ತದೆ. ಆ ಉಡುಪನ್ನು ಮತ್ತೆ ಒಂದನೇ ಲೆವೆಲಿನಿಂದ ಬೆಳೆಸಬೇಕು. ಬೆಳೆಸಿದಂತೆ ದಾಳಿ, ರಕ್ಷಣೆ, ಆರೋಗ್ಯ, ಮನಾ ಎಲ್ಲಕ್ಕೂ ಸ್ವಲ್ಪ ಸ್ವಲ್ಪ ಬೋನಸ್ ಸೇರುತ್ತದೆ. ಉಡುಪು ಕಳಚಿ ಹಳೇ ರೂಪದಲ್ಲಿ ಆಡಿದರೂ ಆ ಬೋನಸ್ ಜೊತೆಗಿರುತ್ತದೆ. ಹಾಗಾಗಿ ‘ಅಯ್ಯೋ, ಅದು ಬರೀ ಅಂದಕ್ಕೆ’ ಎಂದು ಮನೆಯಲ್ಲಿ ಹೇಳುವುದು ಸುಳ್ಳು. ಅದರಲ್ಲಿ ಬಲ ಇದೆ. ಬಲ ಇರುವುದರಿಂದಲೇ ಅದಕ್ಕೆ ಬೆಲೆ.

ಈಗ ಮೌಲ್ಯಮಾಪನಕ್ಕೆ ಬರೋಣ. ನಮ್ಮಲ್ಲಿ ಹೆಚ್ಚಿನವರ ಬಳಿ ಇರುವ ರಿಗಾರ್ಡ್ ಎಂಬ ನಾಲ್ಕು ನಕ್ಷತ್ರದ ನೇರಳೆ ಹೀರೋನನ್ನೇ ತೆಗೆದುಕೊಳ್ಳಿ. ಅವನು ಇಡೀ ತಂಡಕ್ಕೆ ಶೇಕಡಾ 42ರಷ್ಟು ಆರೋಗ್ಯ ಮರಳಿ ಕೊಡುತ್ತಾನೆ, ಶತ್ರು ಹಾಕಿದ ವಿಷ, ದೌರ್ಬಲ್ಯಗಳನ್ನು ತೊಳೆದು ಹಾಕುತ್ತಾನೆ. ಅವನ ಉಡುಪಿಗೆ ವಿಡಿಯೊಗಳಲ್ಲಿ ದೊಡ್ಡ ಅಂಕ. ಆದರೆ ಆ ಅಂಕ ಯಾರ ತಂಡಕ್ಕೆ?

ರಿಗಾರ್ಡ್‌ನ ಮನಾ ವೇಗ ಸಾಧಾರಣ, ಅಂದರೆ ತುಂಬಲು ಹತ್ತು ಚೌಕ ಬೇಕು. ಚೌಕಗಳು ಸಾಮಾನ್ಯವಾಗಿ ಮೂರು ಮೂರಾಗಿ ಸಿಡಿಯುತ್ತವೆ: ಮೂರು, ಆರು, ಒಂಬತ್ತು. ಒಂಬತ್ತಕ್ಕೆ ತುಂಬಿದರೆ ಮೂರೇ ಜೋಡಣೆ ಸಾಕು, ಹತ್ತು ಬೇಕಾದರೆ ನಾಲ್ಕನೆಯದೂ ಬೇಕು. ಆ ಒಂದು ಜೋಡಣೆಯ ಅಂತರದಲ್ಲಿ ತಂಡ ಸಾಯುತ್ತದೆ ಅಥವಾ ಉಳಿಯುತ್ತದೆ. ಉಡುಪಿನಿಂದ ಮನಾ ಶೇಕಡಾ 5 ಹೆಚ್ಚುತ್ತದೆ ಎಂದು ಇಟ್ಟುಕೊಳ್ಳೋಣ. ಒಂಬತ್ತು ಚೌಕಕ್ಕೆ ಸಿಗುವುದು 9.45. ಹತ್ತು ಆಗಲಿಲ್ಲ. ಅಂದರೆ ಬೇಕಾದ ಚೌಕ ಹತ್ತೇ, ಹಳೇ ರಿಗಾರ್ಡ್‌ಗೆ ಬೇಕಾದಷ್ಟೇ. ಒಂಬತ್ತಕ್ಕೆ ತುಂಬಬೇಕಾದರೆ ಒಟ್ಟು ಶೇಕಡಾ 11.2ರಷ್ಟು ಹೆಚ್ಚಳ ಬೇಕು. ಉಳಿದ ಆರು ಚಿಲ್ಲರೆಯನ್ನು ಮನಾ ಕೊಡುವ ಸೈನ್ಯವನ್ನು ತಿಂಗಳುಗಟ್ಟಲೆ ಬೆಳೆಸಿ ತರಬೇಕು.

ವಿಡಿಯೊ ಮಾಡುವವನ ಸೈನ್ಯ ಬೆಳೆದಿದೆ, ಅವನಿಗೆ ಆ ಉಡುಪು ‘ಎ ಪ್ಲಸ್’. ಮೊನ್ನೆ ಮೊನ್ನೆ ಗೇಮ್ ಶುರು ಮಾಡಿದ ಹತ್ತನೇ ಕ್ಲಾಸಿನ ಹುಡುಗನಿಗೆ ಅದೇ ಉಡುಪಿನ ಅದೇ ಮನಾ ಬೋನಸ್ ಒಂದು ಚೌಕವನ್ನೂ ಉಳಿಸಿಕೊಡುವುದಿಲ್ಲ. ಆರೋಗ್ಯ, ರಕ್ಷಣೆ ಸ್ವಲ್ಪ ಹೆಚ್ಚುತ್ತದೆ, ಒಪ್ಪುತ್ತೇವೆ. ಆದರೆ ಎಲ್ಲರಿಗೂ ಒಂದೇ ಅಂಕ ಎಂದು ಹೇಳುವುದು ಮೌಲ್ಯಮಾಪನವಲ್ಲ, ಜಾಹೀರಾತು.

ಆದ್ದರಿಂದ ಯಾವುದೇ ಉಡುಪು ನೋಡುವಾಗ ನಾವು ಕೇಳಬೇಕಾದ ಪ್ರಶ್ನೆಗಳು ಇವು. ನನ್ನ ತಂಡದಲ್ಲಿ ಬೇರೆ ಯಾರೂ ಮಾಡದ ಕೆಲಸವನ್ನು ಇದು ಮಾಡುತ್ತದೆಯೇ? ನನ್ನ ಸೈನ್ಯದ ಲೆವೆಲಿನಲ್ಲಿ ಅದರ ಬೋನಸ್ ನಿಜವಾಗಿ ತಾಗುತ್ತದೆಯೇ? ಅದನ್ನು ಬೆಳೆಸಲು ಹಾಕುವ ಆಹಾರದಲ್ಲಿ ಹೊಸ ಹೀರೋ ಒಬ್ಬನನ್ನು ಬೆಳೆಸಬಹುದಿತ್ತಲ್ಲ, ಯಾವುದು ಲಾಭ? ಕೊನೆಯದು, ಯಾವ ವಿಡಿಯೊದಲ್ಲೂ ಕೇಳದ ಪ್ರಶ್ನೆ: ಇದು ನನಗೆ ಎಷ್ಟಕ್ಕೆ ಬಿತ್ತು?

ಮೂರನೇ ಪ್ರಶ್ನೆಯಲ್ಲೇ ‘ಬಿ ಟೀಮ್’ ವಾದ ಮುರಿದು ಬೀಳುತ್ತದೆ. ಅಲಯನ್ಸ್ ಯುದ್ಧದಲ್ಲಿ ಒಬ್ಬೊಬ್ಬರಿಗೆ ಆರು ದಾಳಿ. ಒಮ್ಮೆ ಬಳಸಿದ ಹೀರೋನನ್ನು ಅದೇ ಯುದ್ಧದಲ್ಲಿ ಮತ್ತೆ ಬಳಸುವಂತಿಲ್ಲ. ಐದರಂತೆ ಆರು ದಾಳಿಗೆ ಮೂವತ್ತು ಹೀರೋಗಳು ಬೇಕು. ಉಡುಪು ತೊಟ್ಟ ರಿಗಾರ್ಡ್ ಮೊದಲ ದಾಳಿಯಲ್ಲಿ ಎಷ್ಟೇ ಮಿಂಚಿದರೂ ಉಳಿದ ಐದು ದಾಳಿಗೆ ಅವನಿಲ್ಲ. ಮೂರು ಉಡುಪು ಬೆಳೆಸಿ ಆರನೇ ದಾಳಿಗೆ ಅರ್ಧಂಬರ್ಧ ಹೀರೋಗಳನ್ನು ಕಳಿಸುವವನಿಗಿಂತ, ಉಡುಪಿಲ್ಲದೆ ಮೂವತ್ತನ್ನೂ ಹದವಾಗಿ ಬೆಳೆಸಿದವನು ಅಲಯನ್ಸ್‌ಗೆ ಹೆಚ್ಚು ಉಪಕಾರಿ. ಮೂವತ್ತು ಜನ, ಆರಾರು ದಾಳಿ, ಒಟ್ಟು 180. ಇದರಲ್ಲಿ ಎಷ್ಟು ದಾಳಿ ಯಾರೂ ಬಳಸದೆ ವ್ಯರ್ಥವಾಗಿ ಹೋಗುತ್ತಿದೆ ಎಂದು ಲೆಕ್ಕ ಹಾಕಿದ್ದೀರಾ? ‘ಬಿ ಟೀಮಿಗೆ ಕಳಿಸಿ’ ಎನ್ನುವವರು ಮೊದಲು ತಮ್ಮ ಆರು ದಾಳಿಯನ್ನು ಪೂರ್ತಿ ಮಾಡಲಿ. ಉಡುಪಿಲ್ಲದ ಹುಡುಗನ ಆರು ದಾಳಿ ಉಡುಪಿರುವ ಅಣ್ಣನ ಮೂರು ದಾಳಿಗಿಂತ ಯಾವತ್ತೂ ಹೆಚ್ಚು.

ಇನ್ನು ಬೆಲೆಯ ಮಾತು. ಗೇಮ್ ಉಚಿತ. ಆದರೂ 2018ರ ಕೊನೆಗೆ ಅಮೆರಿಕದ ಜಿಂಗಾ ಕಂಪನಿ ಈ ಸಂಸ್ಥೆಯ ಶೇಕಡಾ 80 ಪಾಲನ್ನು 56 ಕೋಟಿ ಡಾಲರ್ ಕೊಟ್ಟು ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಉಚಿತ ಆಟಕ್ಕೆ ಅಷ್ಟು ಬೆಲೆ ಎಲ್ಲಿಂದ ಬಂತು? ಆಟದೊಳಗಿನ ಖರೀದಿಯಿಂದ. ಅಂಗಡಿಯಲ್ಲಿ ಅಂಗಿ ಕೊಂಡಂತೆ ಇಲ್ಲಿ ‘ಈ ಉಡುಪು ಕೊಡಿ’ ಎಂದು ಕೈ ತೋರಿಸುವಂತಿಲ್ಲ. ಕೀಲಿ ಅಥವಾ ರತ್ನ ಕೊಟ್ಟು ಎಳೆಯಬೇಕು, ಬಂದದ್ದು ಬಂತು. ಆಡಿ ಸಂಪಾದಿಸಿದ್ದರಿಂದ ಎಳೆದರೆ ನಮ್ಮ ತಕರಾರಿಲ್ಲ. ಅದು ಮುಗಿದ ಮೇಲೆ ರೂಪಾಯಿ ಹಾಕಿ ಎಳೆಯುವುದಕ್ಕೆ ನಮ್ಮ ತಕರಾರು.

ಪಿಯುಸಿಯಲ್ಲಿ ಕಲಿತ ಸಂಭವನೀಯತೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದು ಉಡುಪು ಬರುವ ಸಾಧ್ಯತೆ ನೂರಕ್ಕೆ ಒಂದು ಎಂದು ಇಟ್ಟುಕೊಳ್ಳಿ. ‘ನೂರು ಸಲ ಎಳೆದರೆ ಖಂಡಿತ ಬರುತ್ತದೆ’ ಎಂದು ನಮ್ಮ ಹುಡುಗರು ಹೇಳುತ್ತಾರೆ. ಇಲ್ಲ. ನೂರು ಸಲ ಎಳೆದರೆ ಬರುವ ಸಾಧ್ಯತೆ ಸುಮಾರು 63 ಶೇಕಡಾ. ನೂರು ಜನ ನೂರು ನೂರು ಸಲ ಎಳೆದರೆ ಸುಮಾರು 37 ಜನ ಬರಿಗೈಯಲ್ಲಿ ಮರಳುತ್ತಾರೆ. ಹತ್ತರಲ್ಲಿ ಒಂಬತ್ತು ಪಾಲು ಭರವಸೆ ಬೇಕಾದರೆ ಸುಮಾರು 230 ಸಲ ಎಳೆಯಬೇಕು. ಒಂದು ಎಳೆತಕ್ಕೆ 200 ರೂಪಾಯಿ ಹಿಡಿದರೆ 46,000 ರೂಪಾಯಿ ಆಯಿತು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅಷ್ಟು ಹಣದಲ್ಲಿ ಒಬ್ಬರ ಒಂದು ವರ್ಷದ ಕಾಲೇಜು ಫೀಸು ಮುಗಿಯುತ್ತದೆ. ಇನ್ನೂ ಒಂದು ಮಾತು: ನೂರು ಸಲ ಬಾರದಿದ್ದರೆ ನೂರ ಒಂದನೆಯದಕ್ಕೆ ಸಾಧ್ಯತೆ ಏರುವುದಿಲ್ಲ. ಇಂತಿಷ್ಟು ಎಳೆತಕ್ಕೆ ಗ್ಯಾರಂಟಿ ಎಂದು ಬರೆದು ಕೊಡದ ಕಡೆ ಅದು ಮತ್ತೆ ಅದೇ ನೂರಕ್ಕೆ ಒಂದು. ‘ಇಷ್ಟು ಹಾಕಿದ್ದೇನೆ, ಇನ್ನೊಂದು ಸಲ’ ಎನ್ನುವುದು ಲೆಕ್ಕವಲ್ಲ, ಚಟದ ಮೊದಲ ಮಾತು.

ಇದನ್ನು ನಾವು ಮಾತ್ರ ಹೇಳುತ್ತಿಲ್ಲ. ಇಂಥ ಎಳೆತದ ವ್ಯಾಪಾರ ದೊಡ್ಡದಾಗಿ ಬೆಳೆದ ಜಪಾನಿನಲ್ಲೇ 2012ರಲ್ಲಿ ಅದರ ಒಂದು ವಿಧವನ್ನು, ಹಲವು ವಸ್ತು ಎಳೆದು ಪೂರ್ತಿ ಸೆಟ್ ಮಾಡಿದರೆ ಮಾತ್ರ ಬಹುಮಾನ ಎನ್ನುವ ಪದ್ಧತಿಯನ್ನು, ಸರ್ಕಾರ ಕಾನೂನುಬಾಹಿರ ಎಂದಿತು. ಆಪಲ್ ತನ್ನ ಸ್ಟೋರಿನ ಗೇಮ್‌ಗಳು ಇಂಥ ಎಳೆತದ ಸಾಧ್ಯತೆಯನ್ನು ಮೊದಲೇ ತೋರಿಸಬೇಕೆಂದು 2017ರ ಕೊನೆಗೆ ನಿಯಮ ಮಾಡಿತು. ದುಡ್ಡು ಕೊಟ್ಟು ಎಳೆಯುವ ಇಂಥ ಪೆಟ್ಟಿಗೆಗಳು ಜೂಜೇ ಎಂದು ಬೆಲ್ಜಿಯಂನ ಜೂಜು ಆಯೋಗ 2018ರಲ್ಲಿ ಹೇಳಿತು. ನಮ್ಮ ದೇಶದಲ್ಲಿ 2025ರಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ಮುಖ್ಯವಾಗಿ ಹಿಡಿದದ್ದು ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು. ‘ಸರ್ಕಾರ ನಿಲ್ಲಿಸಲಿಲ್ಲವಲ್ಲ, ಹಾಗಾದರೆ ಸರಿ’ ಎಂದು ಯಾರೂ ವಾದಿಸಬೇಡಿ. ನಮ್ಮ ಆತ್ಮಸಾಕ್ಷಿಗೆ ಸರ್ಕಾರದ ಆದೇಶ ಬರುವ ತನಕ ಕಾಯಬೇಕಾಗಿಲ್ಲ.

ಇಲ್ಲಿ ಹಿರಿಯರಿಗೂ ಒಂದು ಮಾತು. ಮಗ ಫೋನಿನಲ್ಲಿ ಉಡುಪು ಎಳೆದರೆ ಜೂಜು ಎಂದು ಬೈಯುವ ನಾವು, ಕಾಸರಗೋಡಿನ ಬಸ್ ನಿಲ್ದಾಣದಲ್ಲಿ ಇಳಿದ ಕೂಡಲೇ ಲಾಟರಿ ಟಿಕೆಟಿನ ಸಾಲಿಗೆ ಕಣ್ಣು ಹಾಯಿಸುತ್ತೇವೆ. ಕೇರಳ ಸರ್ಕಾರ 1967ರಲ್ಲಿ ಲಾಟರಿ ಇಲಾಖೆ ತೆರೆಯಿತು, ಕರ್ನಾಟಕ 2007ರಲ್ಲಿ ಲಾಟರಿ ನಿಲ್ಲಿಸಿತು. ಗಡಿಯ ಈಚೆ ಇರುವ ನಮಗೆ ಅದು ದಿನದ ಚಹಾದಷ್ಟೇ ಸಾಮಾನ್ಯ. ಟಿಕೆಟಿನ ಮೇಲೆ ಬೆಲೆಯಾದರೂ ಅಚ್ಚಾಗಿರುತ್ತದೆ, ಗೇಮಿನಲ್ಲಿ ರೂಪಾಯಿ ರತ್ನವಾಗಿ, ರತ್ನ ಎಳೆತವಾಗಿ ಬದಲಾಗುವಷ್ಟರಲ್ಲಿ ಎಷ್ಟು ಹೋಯಿತು ಎಂಬ ಅಂದಾಜೇ ತಪ್ಪುತ್ತದೆ. ಆದರೆ ಎರಡರ ಬೇರು ಒಂದೇ. ಅಪ್ಪನ ಜೇಬಿನ ಟಿಕೆಟ್ ಮಗನ ಬೆರಳಿಗೆ ಪಾಠ ಹೇಳುತ್ತದೆ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ 2413ನೇ ಪರಿಚ್ಛೇದದಲ್ಲಿ ಹೇಳುವುದು ಇಬ್ಬರಿಗೂ ಅನ್ವಯಿಸುತ್ತದೆ. ಅದೃಷ್ಟದ ಆಟಗಳು ತಮ್ಮಷ್ಟಕ್ಕೇ ಅನ್ಯಾಯವಲ್ಲ. ಆದರೆ ತನ್ನ ಹಾಗೂ ತನ್ನವರ ಅಗತ್ಯಕ್ಕೆ ಬೇಕಾದದ್ದನ್ನು ಅವು ಕಸಿದುಕೊಂಡಾಗ ಒಪ್ಪತಕ್ಕದ್ದಲ್ಲ, ಅದರ ವ್ಯಾಮೋಹ ಮನುಷ್ಯನನ್ನು ದಾಸನನ್ನಾಗಿ ಮಾಡಬಹುದು ಎಂಬುದು ಅದರ ಸಾರ. ಬೇಡವೇ ಬೇಡ ಎಂದಲ್ಲ, ಎಲ್ಲಿ ನಿಲ್ಲಬೇಕು ಎಂದು ಅದು ಹೇಳುತ್ತದೆ.

ಈಗ ಮತ್ತೆ ‘ಬಿ ಟೀಮ್’. ಸಂತ ಯಕೋಬರ ಪತ್ರದ ಎರಡನೇ ಅಧ್ಯಾಯವನ್ನು ದಯವಿಟ್ಟು ಇವತ್ತು ರಾತ್ರಿ ಜಪಸರದ ನಂತರ ಓದಿ. ಸಭೆಗೆ ಇಬ್ಬರು ಬರುತ್ತಾರೆ. ಒಬ್ಬನ ಬೆರಳಲ್ಲಿ ಚಿನ್ನದ ಉಂಗುರ, ಮೈಮೇಲೆ ಹೊಳೆಯುವ ಬಟ್ಟೆ. ಇನ್ನೊಬ್ಬನದು ಕೊಳಕು ಬಟ್ಟೆ. ಮೊದಲಿನವನಿಗೆ ಒಳ್ಳೆಯ ಆಸನ, ಎರಡನೆಯವನಿಗೆ ‘ಅಲ್ಲೇ ನಿಂತುಕೋ, ಇಲ್ಲವೇ ಕಾಲ ಬಳಿ ಕೂತುಕೋ’ ಎಂಬ ಮಾತು. ಹೀಗೆ ಮಾಡಿದರೆ ನಿಮ್ಮ ನಡುವೆಯೇ ಭೇದ ಮಾಡಿದಂತಾಗಲಿಲ್ಲವೇ ಎಂದು ಯಕೋಬರು ಕೇಳುತ್ತಾರೆ. ಎರಡು ಸಾವಿರ ವರ್ಷದ ಹಿಂದೆ ಅವರು ಬರೆದದ್ದು ಬಟ್ಟೆಯ ಬಗ್ಗೆಯೇ! ನಮ್ಮ ಪ್ರಸ್ತಾಪವೂ ಬಟ್ಟೆಯ ಬಗ್ಗೆಯೇ. ಹೊಳೆಯುವ ಉಡುಪಿನವನಿಗೆ ‘ಎ ಟೀಮ್’, ಉಳಿದವನಿಗೆ ‘ಅಲ್ಲೇ ನಿಂತುಕೋ’.

‘ಇದು ಗೇಮ್ ಅಷ್ಟೇ, ಬೈಬಲನ್ನು ಯಾಕೆ ಎಳೆದು ತರುತ್ತೀರಿ’ ಎಂದು ಕೇಳುವವರಿದ್ದಾರೆ. ಗೇಮ್ ಅಷ್ಟೇ ಆದರೆ ತೆಗೆದು ಹಾಕುವ ಮಾತೇಕೆ? ಆ ಅಲಯನ್ಸ್ ಯಾವುದೋ ದೇಶದ ಅಪರಿಚಿತರದ್ದಲ್ಲ. ಅಲ್ಲಿರುವವರು ಭಾನುವಾರ ನಮ್ಮ ಪಕ್ಕದ ಬೆಂಚಿನಲ್ಲಿ ಕೂರುವವರು, ಪೀಠಸೇವೆ ಮಾಡುವವರು. ಫೋನಿನಲ್ಲಿ ಹೊರಗೆ ಹಾಕಿದ ಹುಡುಗ ಮುಂದಿನ ವಾರ ಯುವಕರ ಸಭೆಗೆ ಬರುವುದಿಲ್ಲ. ಕಾರಣ ಕೇಳಿದರೆ ‘ಪರೀಕ್ಷೆ ಇದೆ’ ಎನ್ನುತ್ತಾನೆ. ಬರುವುದಾದರೆ ಕೈಯಲ್ಲಿ ಹೊಸ ಉಡುಪು ಹಿಡಿದುಕೊಂಡೇ ಬರುತ್ತಾನೆ, ಅದಕ್ಕೆ ಹಣ ಎಲ್ಲಿಂದ ಬಂತು ಎಂದು ನಾವ್ಯಾರೂ ಕೇಳುವುದಿಲ್ಲ. ಎರಡರಲ್ಲಿ ಯಾವುದಾದರೂ ಅದಕ್ಕೆ ಕಾರಣ ನಾವೇ ಆಗುತ್ತೇವೆ. ಒಂದು ಯುದ್ಧದ ಗೆಲುವಿಗೆ ಇಷ್ಟು ಬೆಲೆ ತೆರಲು ನಾವು ಸಿದ್ಧರಿಲ್ಲ.

‘ಹಾಗಾದರೆ ಗೇಮನ್ನೇ ಡಿಲೀಟ್ ಮಾಡಿ’ ಎನ್ನುವ ಪೋಷಕರಿಗೂ ನಾವು ಒಪ್ಪುವುದಿಲ್ಲ. 2025ರ ಸೆಪ್ಟೆಂಬರ್ 7ರಂದು ಸಂತ ಪದವಿಗೇರಿದ ಕಾರ್ಲೋ ಅಕುಟಿಸ್ ಕೂಡ ವಿಡಿಯೊ ಗೇಮ್ ಆಡುತ್ತಿದ್ದರು. ಆದರೆ ವಾರಕ್ಕೆ ಒಂದೇ ಗಂಟೆ ಎಂದು ತಮಗೆ ತಾವೇ ಮಿತಿ ಹಾಕಿಕೊಂಡರು. ಯಾರೋ ಕಸಿದುಕೊಂಡು ಇಟ್ಟದ್ದಲ್ಲ, ಅವರೇ ಹಾಕಿಕೊಂಡ ಗೆರೆ. ಕಸಿದ ಫೋನ್ ಗೆಳೆಯನ ಮನೆಯಲ್ಲಿ ಸಿಗುತ್ತದೆ. ತಾನೇ ಹಾಕಿದ ಗೆರೆ ಎಲ್ಲಿ ಹೋದರೂ ಜೊತೆಗಿರುತ್ತದೆ. ನಮ್ಮ ಯುವಕರಿಂದ ನಾವು ಕೇಳುವುದು ಆ ಗೆರೆಯನ್ನು.

ಉಡುಪಿನ ಮೌಲ್ಯಮಾಪನದ ಅತಿ ಒಳ್ಳೆಯ ಉದಾಹರಣೆ ಸಮುವೇಲನ ಮೊದಲ ಗ್ರಂಥದ ಹದಿನೇಳನೇ ಅಧ್ಯಾಯದಲ್ಲಿದೆ. ಗೊಲಿಯಾತನ ಮುಂದೆ ಹೋಗುವ ದಾವೀದನಿಗೆ ಸೌಲ ರಾಜ ತನ್ನದೇ ಕವಚ, ಕಂಚಿನ ಶಿರಸ್ತ್ರಾಣ ತೊಡಿಸುತ್ತಾನೆ. ರಾಜನ ಕವಚಕ್ಕಿಂತ ದೊಡ್ಡ ‘ಎ ಪ್ಲಸ್’ ಎಲ್ಲುಂಟು? ಅದೂ ಉಚಿತವಾಗಿ ಸಿಕ್ಕಿದ್ದು! ದಾವೀದ ಬೇಡವೆಂದು ಮೊದಲೇ ಹೇಳಲಿಲ್ಲ. ತೊಟ್ಟ, ನಡೆದು ನೋಡಿದ, ಅಭ್ಯಾಸವಿಲ್ಲದ ಕಾರಣ ನಡೆಯಲಾಗಲಿಲ್ಲ. ಕಳಚಿಟ್ಟು ತನ್ನ ಕವಣೆ ಹಿಡಿದು ಹಳ್ಳದಿಂದ ಐದು ನುಣ್ಣನೆ ಕಲ್ಲು ಆರಿಸಿಕೊಂಡ. ಆ ಕವಚವನ್ನು ಅವನು ಹೀಗಳೆಯಲಿಲ್ಲ. ತನ್ನ ಮೈಗೆ, ತನ್ನ ಯುದ್ಧಕ್ಕೆ ಅದು ಹೊಂದುವುದೇ ಎಂದು ಮಾತ್ರ ನೋಡಿದ.

ನಾವು ಅಲಯನ್ಸ್‌ನ ಮುಂದೆ ಇಡುವುದು ಇಷ್ಟೇ. ಒಂದು, ಉಡುಪಿನ ಆಧಾರದಲ್ಲಿ ಯಾರನ್ನೂ ಸೇರಿಸುವುದೂ ಇಲ್ಲ, ತೆಗೆಯುವುದೂ ಇಲ್ಲ. ತೆಗೆಯಲೇಬೇಕಾದರೆ ಯುದ್ಧಕ್ಕೆ ಹೆಸರು ಕೊಟ್ಟು, ಹೇಳದೆ ಕೇಳದೆ ದಾಳಿ ಮಾಡದವರ ಬಳಿ ಮೊದಲು ಮಾತಾಡೋಣ. ಎರಡು, ಸ್ವಂತ ದುಡಿಮೆ ಇಲ್ಲದ ಯಾರೂ ಎಳೆತಕ್ಕೆ ರೂಪಾಯಿ ಹಾಕುವುದು ಬೇಡ. ದುಡಿಯುವವರೂ ಎಷ್ಟು ಹಾಕಿದೆವೆಂದು ಮನೆಯವರ ಮುಂದೆ ಹೇಳಲಾಗದಷ್ಟು ಹಾಕುವುದು ಬೇಡ. ಮೂರು, ಗುಂಪಿನಲ್ಲಿ ಉಡುಪಿನ ವಿಡಿಯೊ ಕಳಿಸುವವರು ‘ಇದು ಯಾರ ತಂಡಕ್ಕೆ, ಯಾವ ಸೈನ್ಯಕ್ಕೆ, ಎಷ್ಟು ಬೆಲೆಗೆ’ ಎಂಬ ಮೂರು ಸಾಲು ಬರೆದೇ ಕಳಿಸಲಿ. ನಾಲ್ಕು, ಪೋಷಕರು ಮಕ್ಕಳ ಫೋನಿನಲ್ಲಿ ಖರೀದಿಗೆ ಪಾಸ್‌ವರ್ಡ್ ಹಾಕಲಿ, ಹಾಕುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಯಾಕೆಂದು ಹೇಳಲಿ.

ಒಪ್ಪದವರು ಭಾನುವಾರ ಎರಡನೇ ಪೂಜೆಯ ನಂತರ ಸಭಾಂಗಣಕ್ಕೆ ಬನ್ನಿ, ಮುಖಾಮುಖಿ ವಾದ ಮಾಡೋಣ. ಉಡುಪಿರುವವರೂ ಬನ್ನಿ, ಇಲ್ಲದವರೂ ಬನ್ನಿ. ಕುರ್ಚಿ ಎಲ್ಲರಿಗೂ ಒಂದೇ ಸಾಲಿನಲ್ಲಿ ಹಾಕಿರುತ್ತೇವೆ.